ಆಜ್ಞೆ ಮತ್ತು ಅಂತಃಸಾಕ್ಷಿ: ಪೇಶಾವರದಿಂದ ರಾಮಲೀಲಾ ಮೈದಾನದವರೆಗೆ

ದಂಡವಿಲ್ಲದೆ ರಾಜ್ಯವು ನಿಲ್ಲದು. ದಂಡವನ್ನು ಹಿಡಿಯುವ ಕೈಯಿಲ್ಲದೆ ದಂಡವೂ ನಿಲ್ಲದು. ಆ ಕೈಯು ಅರಸನದೂ ಅಲ್ಲ, ಮಂತ್ರಿಯದೂ ಅಲ್ಲ. ಬಹುಮಟ್ಟಿಗೆ ಅದು ಹಳ್ಳಿಯ ಸಾಮಾನ್ಯ ಕುಟುಂಬದಿಂದ ಬಂದು, ಸಂಬಳದಲ್ಲಿ ಒಂದು ಪಾಲನ್ನು ಮನೆಗೆ ಕಳುಹಿಸುತ್ತ, ತೊಟ್ಟ ಸಮವಸ್ತ್ರವನ್ನು ಗೌರವಿಸುವ ಸೈನಿಕನ ಅಥವಾ ಪೊಲೀಸ್ ಪೇದೆಯ ಕೈ. ಮೇಲಧಿಕಾರಿಯಿಂದ ಬಂದ ಆಜ್ಞೆಯು ನ್ಯಾಯಕ್ಕೂ ದೇಶದ ಸಂವಿಧಾನಕ್ಕೂ ವಿರುದ್ಧವಾದುದೆಂದು ಅವನ ಮನಸ್ಸಿಗೆ ತೋರಿದರೆ ಅವನು ಅದನ್ನು ಪಾಲಿಸಬೇಕೆ, ನಿರಾಕರಿಸಬೇಕೆ? ಪಾಲಿಸಿದರೆ ಪಾಪದಲ್ಲಿ ಪಾಲು, ನಿರಾಕರಿಸಿದರೆ ಪ್ರತಿಜ್ಞಾಭಂಗ. 20ನೆಯ ಶತಮಾನದ ಭಾರತದಲ್ಲಿ ಈ ಧರ್ಮಸಂಕಟವು ಎರಡು ಸಂದರ್ಭಗಳಲ್ಲಿ ಅತ್ಯಂತ ಸ್ಪಷ್ಟವಾಗಿ ಎದುರಾಯಿತು. ಮೊದಲನೆಯದು 1930ರ ಏಪ್ರಿಲ್ ತಿಂಗಳಲ್ಲಿ ಪೇಶಾವರದ ಬೀದಿಯಲ್ಲಿ. ಎರಡನೆಯದು 1975ರ ಜೂನ್ ತಿಂಗಳಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ. ಇವೆರಡರ ನಡುವೆ ಮಹಾತ್ಮಾ ಗಾಂಧಿಯವರು ಕೊಟ್ಟ ಒಂದು ಉತ್ತರವಿದೆ. ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ಅದು ಅನಿರೀಕ್ಷಿತವಾಗಿ ತೋರುವಂಥದು. ಈ ಮೂರನ್ನೂ ಜೊತೆಯಲ್ಲಿಟ್ಟು ವಿಚಾರಿಸುವುದು ಈ ಲೇಖನದ ಉದ್ದೇಶ.

ಯಾರೂ ನಿರಾಕರಿಸದ ದಿನ

ಪೇಶಾವರದ ಘಟನೆಯ ಮಹತ್ವವನ್ನು ತಿಳಿಯಲು ಅದಕ್ಕೆ ಹನ್ನೊಂದು ವರ್ಷಗಳ ಹಿಂದಿನ ಇನ್ನೊಂದು ಏಪ್ರಿಲ್ ತಿಂಗಳನ್ನು ನೆನೆಯಬೇಕು. 1919ರ ಏಪ್ರಿಲ್ 13ರಂದು ಅಮೃತಸರದ ಜಲಿಯನ್‌ವಾಲಾ ಬಾಗ್‌ನಲ್ಲಿ ಜನರಲ್ ಡೈಯರ್ ಆಜ್ಞೆ ನೀಡಿದನು. ಬಂದೂಕು ಹಿಡಿದ 50 ಮಂದಿ ಸಿಪಾಯಿಗಳು ಸುಮಾರು ಹತ್ತು ನಿಮಿಷಗಳ ಕಾಲ 1,650 ಗುಂಡುಗಳನ್ನು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿಯೇ 379 ಜನರು ಮೃತರಾದರು. ಜನರ ಎಣಿಕೆಯಲ್ಲಿ ಆ ಸಂಖ್ಯೆ ಇನ್ನೂ ಬಹಳ ದೊಡ್ಡದು. ಗುಂಡು ಹಾರಿಸಿದವರು ಭಾರತ ಮತ್ತು ನೇಪಾಳದ ಹಳ್ಳಿಗಳ ಮಕ್ಕಳು. ಎದುರಿಗಿದ್ದವರು ನಿರಾಯುಧರು, ಹೊರಹೋಗುವ ದಾರಿಗಳು ಇಕ್ಕಟ್ಟಾದವು. ಇದನ್ನು ಆ ಸಿಪಾಯಿಗಳು ತಮ್ಮ ಕಣ್ಣುಗಳಿಂದ ಕಂಡಿದ್ದರು. ಆದರೂ ಬಂದೂಕುಗಳು ನಿಂತದ್ದು ಡೈಯರನು ನಿಲ್ಲಿಸೆಂದಾಗ ಮಾತ್ರ.

ಮುಂದೆ ಹಂಟರ್ ಸಮಿತಿ ವಿಚಾರಣೆ ನಡೆಸಿತು. ಡೈಯರನು ಹುದ್ದೆಯನ್ನು ಬಿಡಬೇಕಾಯಿತು. ಆದರೆ ಕುದುರೆಯನ್ನು ಒತ್ತಿದ ಬೆರಳುಗಳ ವಿಚಾರವನ್ನು ಯಾರೂ ಎತ್ತಲಿಲ್ಲ. ಆಜ್ಞೆಯಿತ್ತವನ ಹೆಸರು ಲೋಕಕ್ಕೆಲ್ಲ ತಿಳಿಯಿತು. ಪಾಲಿಸಿದವರು ಹೆಸರಿಲ್ಲದೆ ಉಳಿದರು. ಸಿಪಾಯಿಯು ಯಂತ್ರದ ಒಂದು ಭಾಗವಷ್ಟೇ, ಅವನಿಗೆ ಪ್ರತ್ಯೇಕವಾದ ಪಾಪಪುಣ್ಯಗಳಿಲ್ಲ ಎಂಬ ಭಾವನೆ ಆಳುವವರಲ್ಲಿಯೂ ಇತ್ತು, ಆಳಿಸಿಕೊಂಡವರಲ್ಲಿಯೂ ಇತ್ತು.

ಗಢವಾಲದ ಹವಾಲ್ದಾರ

ಆ ಭಾವನೆಯನ್ನು ಅಲುಗಿಸಿದವನು ಚಂದ್ರಸಿಂಹ ಗಢವಾಲಿ. ಹಿಮಾಲಯದ ಮಡಿಲಿನ ಗಢವಾಲದಲ್ಲಿ 1891ರಲ್ಲಿ ಜನಿಸಿದ ಈತನು ರಾಯಲ್ ಗಢವಾಲ್ ರೈಫಲ್ಸ್ ದಳಕ್ಕೆ ಸೇರಿ, ಮೊದಲನೆಯ ಮಹಾಯುದ್ಧದಲ್ಲಿ ಕಡಲಾಚೆ ಹೋರಾಡಿ ಹವಾಲ್ದಾರನಾಗಿದ್ದನು. 1930ರಲ್ಲಿ ದೇಶದಲ್ಲೆಲ್ಲ ಉಪ್ಪಿನ ಸತ್ಯಾಗ್ರಹ ನಡೆಯುತ್ತಿದ್ದಾಗ ಅವನ ದಳವು ವಾಯವ್ಯ ಗಡಿಪ್ರಾಂತದ ಪೇಶಾವರದಲ್ಲಿ ನಿಂತಿತ್ತು. ಆ ಪ್ರಾಂತದಲ್ಲಿ ಖಾನ್ ಅಬ್ದುಲ್ ಗಫಾರ್ ಖಾನರು ಖುದಾಯಿ ಖಿದ್ಮತ್‌ಗಾರ್ ಎಂಬ ಅಹಿಂಸಾವ್ರತಿಗಳ ಸಂಘವನ್ನು ಕಟ್ಟಿದ್ದರು. ಸೇಡನ್ನೇ ಕುಲಧರ್ಮವೆಂದು ನಂಬಿದ್ದ ಪಠಾಣರು ಆಯುಧವನ್ನು ತ್ಯಜಿಸುವ ಪ್ರತಿಜ್ಞೆ ಮಾಡಿದ್ದರು.

ಏಪ್ರಿಲ್ 23ರಂದು ನಾಯಕರ ಬಂಧನವನ್ನು ಪ್ರತಿಭಟಿಸಿ ಪೇಶಾವರದ ಕಿಸ್ಸಾ ಖ್ವಾನಿ ಬಜಾರಿನಲ್ಲಿ ಜನರು ಸೇರಿದರು. ಕವಚದ ಮೋಟಾರುಗಳು ಜನಸಂದಣಿಯೊಳಗೆ ನುಗ್ಗಿದವು, ಗೊಂದಲವಾಯಿತು, ಗುಂಡಿನ ಸುರಿಮಳೆಯಾಯಿತು. ಮೃತರ ಸಂಖ್ಯೆಯನ್ನು ಸರ್ಕಾರವು ಮೂವತ್ತರ ಆಸುಪಾಸಿನಲ್ಲಿ ನಿಲ್ಲಿಸಿತು. ಜನರ ಎಣಿಕೆ ನೂರನ್ನು ದಾಟಿತು. ಜನಪರಂಪರೆಯಲ್ಲಿ ಉಳಿದು ಬಂದ ವೃತ್ತಾಂತದಂತೆ, ನಿರಾಯುಧ ಜನರ ಮೇಲೆ ಮೂರು ಸುತ್ತು ಗುಂಡು ಹಾರಿಸಬೇಕೆಂಬ ಆಜ್ಞೆ ಗಢವಾಲಿಗಳಿಗೆ ಬಂದಾಗ ಚಂದ್ರಸಿಂಹನು ತನ್ನವರಿಗೆ ಗುಂಡು ನಿಲ್ಲಿಸಲು ಕೂಗಿ ಹೇಳಿದನು, ಬಂದೂಕುಗಳು ಕೆಳಗಿಳಿದವು. ಸರ್ಕಾರಿ ಕಡತಗಳ ವೃತ್ತಾಂತವು ಮರುದಿನ ನಗರದೊಳಕ್ಕೆ ಕರ್ತವ್ಯಕ್ಕೆ ಹೋಗಲು ಅವರು ನಿರಾಕರಿಸಿದ್ದನ್ನು ಮುಖ್ಯವಾಗಿ ಹೇಳುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದರೂ ಸಾರವು ಒಂದೇ: ಎರಡು ತುಕಡಿಗಳ ಸಿಪಾಯಿಗಳು ನಿರಾಯುಧ ಪ್ರಜೆಗಳನ್ನು ಕೊಲ್ಲಲು ಒಪ್ಪಲಿಲ್ಲ.

ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ಗುಂಡು ಹಾರಿಸಬೇಕಾಗಿದ್ದವರು ಹಿಂದೂಗಳು. ಗುಂಡಿಗೆ ಎದೆಯೊಡ್ಡಿದವರು ಮುಸಲ್ಮಾನರು. ಅನ್ಯಮತೀಯರ ಮೇಲೆ ಸಿಪಾಯಿಗಳ ಕೈ ಹಿಂದೆಗೆಯದೆಂಬ ಆಳರಸರ ಲೆಕ್ಕಾಚಾರವು ತಪ್ಪಿತು. ಎರಡನೆಯದಾಗಿ, ಗಢವಾಲಿಗಳು ತಮ್ಮ ಬಂದೂಕನ್ನು ಆಂಗ್ಲ ಅಧಿಕಾರಿಗಳ ಕಡೆಗೆ ತಿರುಗಿಸಲಿಲ್ಲ, ಆಯುಧಾಗಾರವನ್ನು ಲೂಟಿ ಮಾಡಲಿಲ್ಲ, ರಾತ್ರಿಯಲ್ಲಿ ಪರಾರಿಯಾಗಲಿಲ್ಲ. ಅವರನ್ನು ನಿರಾಯುಧಗೊಳಿಸಿ ಅಬೊಟಾಬಾದಿಗೆ ಒಯ್ದಾಗ ಸುಮ್ಮನೆ ಹೋದರು. ಸೈನಿಕ ನ್ಯಾಯಾಲಯದಲ್ಲಿ ಬ್ಯಾರಿಸ್ಟರ್ ಮುಕುಂದಿಲಾಲರು ಅವರ ಪರವಾಗಿ ವಾದಿಸಿದರು. ಚಂದ್ರಸಿಂಹನಿಗೆ ಆಜೀವ ಶಿಕ್ಷೆಯಾಯಿತು. ಉಳಿದ ಹಲವರಿಗೆ ದೀರ್ಘಕಾಲದ ಸೆರೆವಾಸವಾಯಿತು. ಈತನು ಸೆರೆಮನೆಯಿಂದ ಹೊರಬಂದದ್ದು 1941ರಲ್ಲಿ. 1979ರಲ್ಲಿ ತೀರಿಕೊಂಡನು. ಅಂಚೆ ಇಲಾಖೆಯು ಅವನ ಸ್ಮಾರಕವಾಗಿ ಅಂಚೆಚೀಟಿಯನ್ನು ಹೊರತಂದದ್ದು 1994ರಲ್ಲಿ.

ಗಾಂಧಿಯವರ ಉತ್ತರ

ಅಹಿಂಸೆಗಾಗಿ ಬಂದೂಕನ್ನು ಕೆಳಗಿಳಿಸಿದ ಈ ಸಿಪಾಯಿಗಳನ್ನು ಗಾಂಧಿಯವರು ಹೃತ್ಪೂರ್ವಕವಾಗಿ ಕೊಂಡಾಡಿರಬೇಕೆಂದು ಊಹಿಸುವುದು ಸಹಜ. ಹಾಗೆ ಆಗಲಿಲ್ಲ. 1931ರ ಮಾರ್ಚ್ 5ರಂದು ಗಾಂಧಿ-ಇರ್ವಿನ್ ಒಪ್ಪಂದವಾಯಿತು. ಸತ್ಯಾಗ್ರಹದ ಕೈದಿಗಳನ್ನು ಬಿಡುಗಡೆ ಮಾಡಲು ಸರ್ಕಾರವು ಒಪ್ಪಿತು. ಆದರೆ ಆಜ್ಞೋಲ್ಲಂಘನೆಗಾಗಿ ಶಿಕ್ಷಿತರಾದ ಸೈನಿಕರಿಗೂ ಪೊಲೀಸರಿಗೂ ಈ ಕ್ಷಮಾದಾನವು ಅನ್ವಯಿಸದೆಂದು ಒಪ್ಪಂದದಲ್ಲಿಯೇ ಬರೆಯಲಾಯಿತು. ಚಂದ್ರಸಿಂಹನು ಸೆರೆಯಲ್ಲಿಯೇ ಉಳಿದನು.

ಅದೇ ವರ್ಷ ದುಂಡುಮೇಜಿನ ಪರಿಷತ್ತಿಗಾಗಿ ಗಾಂಧಿಯವರು ಲಂಡನ್ನಿನಲ್ಲಿದ್ದಾಗ ಫ್ರೆಂಚ್ ಪತ್ರಕರ್ತ ಶಾರ್ಲ್ ಪೆತ್ರಾಷ್ ಈ ವಿಷಯವನ್ನೇ ಕೇಳಿದನು. ಗಾಂಧಿಯವರ ಉತ್ತರದ ತಾತ್ಪರ್ಯವಿದು: ಗುಂಡು ಹಾರಿಸುವ ಆಜ್ಞೆಯನ್ನು ಮೀರಿದ ಸೈನಿಕನು ತಾನು ಮಾಡಿದ ಪ್ರತಿಜ್ಞೆಯನ್ನು ಮುರಿದವನಾಗುತ್ತಾನೆ, ನಾಳೆ ಸ್ವರಾಜ್ಯ ಬಂದಾಗ ಇದೇ ಸೈನಿಕರಿಂದಲೇ ಕೆಲಸ ಮಾಡಿಸಬೇಕಾಗುವುದು, ಇಂದು ಅವಿಧೇಯತೆಯನ್ನು ಕಲಿಸಿದರೆ ಅಂದು ಅವರು ಅದನ್ನೇ ತಮಗೂ ತೋರಿಯಾರು.

ಈ ಉತ್ತರದಲ್ಲಿ ಗಾಂಧಿಯವರು ಅಹಿಂಸೆಯನ್ನು ರಾಜ್ಯತಂತ್ರಕ್ಕೆ ಬಲಿಕೊಟ್ಟರೆಂದು ಹಲವರು ಆಕ್ಷೇಪಿಸಿದ್ದಾರೆ. ಆದರೆ ಅವರ ಹಿಂದಿನ ನಿಲುವನ್ನು ನೋಡಿದವರು ಅಷ್ಟು ಬೇಗನೆ ತೀರ್ಪು ಹೇಳಲಾರರು. 1921ರ ಜುಲೈಯಲ್ಲಿ ಕರಾಚಿಯ ಖಿಲಾಫತ್ ಪರಿಷತ್ತು ಬ್ರಿಟಿಷ್ ಸೇನೆಯಲ್ಲಿ ಸೇವೆ ಮಾಡುವುದು ಮುಸಲ್ಮಾನರಿಗೆ ಧರ್ಮವಿರುದ್ಧವೆಂದು ನಿರ್ಣಯಿಸಿತು. ಅದಕ್ಕಾಗಿ ಅಲಿ ಸಹೋದರರನ್ನು ಬಂಧಿಸಿದಾಗ ಗಾಂಧಿಯವರು ಆ ಮಾತನ್ನು ತಾವೂ ಬಹಿರಂಗವಾಗಿ ಅನುಮೋದಿಸಿದರು; ಸಿಪಾಯಿಯು ಈ ಸರ್ಕಾರದ ನೌಕರಿಯನ್ನು ತೊರೆದು ಮಗ್ಗದ ಮುಂದೆ ಕೂತು ಹೊಟ್ಟೆ ಹೊರೆಯಲಿ ಎಂದು ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಬರೆದರು. 1922ರಲ್ಲಿ ಅವರಿಗೆ ಆರು ವರ್ಷಗಳ ಶಿಕ್ಷೆಯಾಗಲು ಕಾರಣವಾದ ಮೂರು ಲೇಖನಗಳಲ್ಲಿ ಅದೂ ಒಂದು.

ಆದುದರಿಂದ ಗಾಂಧಿಯವರ ವಿವೇಚನೆ ಹೀಗಿತ್ತು: ಅಧರ್ಮದ ಸೇವೆಯನ್ನು ಬಿಡುವ ಹಕ್ಕು ಸೈನಿಕನಿಗಿದೆ, ಸೇವೆಯಲ್ಲಿದ್ದುಕೊಂಡೇ, ಅನ್ನವನ್ನು ಉಣ್ಣುತ್ತಲೇ, ಯಾವ ಆಜ್ಞೆ ಇಷ್ಟ ಯಾವುದು ಅನಿಷ್ಟವೆಂದು ಆರಿಸುವ ಹಕ್ಕು ಇಲ್ಲ. ವ್ರತದ ಬೆಲೆ ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ಕೊಟ್ಟ ಮಾತನ್ನು ಪರಿಸ್ಥಿತಿ ನೋಡಿ ಪಾಲಿಸುವವನ ಮಾತಿಗೆ ಪೇಟೆಯಲ್ಲಿಯೂ ಬೆಲೆಯಿಲ್ಲ, ಬಸದಿಯಲ್ಲಿಯೂ ಬೆಲೆಯಿಲ್ಲ.

ಆದರೂ ಇದರಲ್ಲಿ ಒಂದು ಕೊರತೆಯಿದೆ. ಸೈನ್ಯವು ಬೇಕೆಂದಾಗ ಬಿಟ್ಟು ಹೊರಡಬಹುದಾದ ಮಳಿಗೆಯಲ್ಲ. ಅನುಮತಿಯಿಲ್ಲದೆ ತೊರೆದವನು ಪಲಾಯನದ ಅಪರಾಧಿಯಾಗುತ್ತಾನೆ. ಜನರು ಎದುರಿಗೆ ನಿಂತಿರುವಾಗ, ಆಜ್ಞೆಯು ಕಿವಿಗೆ ಬಿದ್ದ ಆ ಅರೆನಿಮಿಷದಲ್ಲಿ ರಾಜೀನಾಮೆ ಬರೆದು, ಅದು ಅಂಗೀಕಾರವಾಗುವವರೆಗೆ ಕಾಯಲು ಬರುವುದಿಲ್ಲ. ಗಾಂಧಿಯವರು ತೋರಿಸಿದ ಬಾಗಿಲು ಧರ್ಮದ ದೃಷ್ಟಿಯಿಂದ ಸರಿಯಾದುದೇ; ಆದರೆ ಚಂದ್ರಸಿಂಹನು ನಿಂತಿದ್ದ ಬೀದಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಅವನ ಮುಂದೆ ಇದ್ದ ದಾರಿಗಳು ಎರಡೇ: ಕೊಲ್ಲುವುದು, ಇಲ್ಲವೆ ಕೊಲ್ಲದೆ ಶಿಕ್ಷೆಯನ್ನು ಅನುಭವಿಸುವುದು. ಎರಡನೆಯದನ್ನು ಆರಿಸಿ, ದಂಡನೆಯನ್ನು ಮರುಮಾತಿಲ್ಲದೆ ಹೊತ್ತದ್ದು ಗಾಂಧಿಯವರೇ ಕಲಿಸಿದ ಸತ್ಯಾಗ್ರಹದ ವಿಧಾನವಲ್ಲದೆ ಬೇರೇನೂ ಅಲ್ಲ.

ಕೃತ, ಕಾರಿತ, ಅನುಮತ

ಈ ವಿಷಯದಲ್ಲಿ ಜೈನಾಚಾರ್ಯರ ವಿವೇಚನೆಯು ನೆರವಿಗೆ ಬರುತ್ತದೆ. ಶ್ರಾವಕನು ಆಯುಧವನ್ನು ಮುಟ್ಟಲೇಬಾರದೆಂದು ಅವರು ವಿಧಿಸಲಿಲ್ಲ. ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು, ಅಂದರೆ ನಿರಪರಾಧಿಯನ್ನು ಉದ್ದೇಶಪೂರ್ವಕವಾಗಿ ಕೊಲ್ಲುವುದನ್ನು, ಪೂರ್ಣವಾಗಿ ಬಿಡಬೇಕೆಂದರು. ಆಕ್ರಮಣವನ್ನು ತಡೆಯುವಾಗ ಅನಿವಾರ್ಯವಾಗುವ ವಿರೋಧೀ ಹಿಂಸೆಯು ಗೃಹಸ್ಥನ ಮಿತಿಯೊಳಗೆ ಬರುತ್ತದೆ. ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಸಿದ ಚಾವುಂಡರಾಯನು ಗಂಗರ ಸೇನಾಪತಿಯಾಗಿದ್ದನು; ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಜಿನಭಕ್ತನಾಗಿದ್ದನು. ಆದುದರಿಂದ ಇಲ್ಲಿಯ ಪ್ರಶ್ನೆ ಸೈನ್ಯವಿರಬೇಕೆ ಬೇಡವೆ ಎಂಬುದಲ್ಲ. ಆಜ್ಞೆಯೊಂದು ಸಂಕಲ್ಪೀ ಹಿಂಸೆಯನ್ನು ವಿರೋಧೀ ಹಿಂಸೆಯ ಆಧಾರದಲ್ಲಿ ಬದಲಾಯಿಸಬಲ್ಲುದೆ ಎಂಬುದೇ ಪ್ರಶ್ನೆ.

ಇದಕ್ಕೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಉತ್ತರದ ಸೂಚನೆಯಿದೆ. ಕರ್ಮಾಸ್ರವಕ್ಕೆ ಆಧಾರವಾಗುವ ಬಗೆಗಳನ್ನು ಉಮಾಸ್ವಾಮಿಗಳು ಎಣಿಸುವಾಗ ಸಂರಂಭಾದಿ ಮೂರು, ಮನೋವಾಕ್ಕಾಯಗಳು ಮೂರು, ಕೃತ ಕಾರಿತ ಅನುಮತಗಳು ಮೂರು, ಕಷಾಯಗಳು ನಾಲ್ಕು ಎಂದು ಗುಣಿಸುತ್ತಾರೆ, ಒಟ್ಟು 108. ಇವುಗಳಲ್ಲಿ ತಾನು ಮಾಡಿದ್ದು ಕೃತ, ಇತರರಿಂದ ಮಾಡಿಸಿದ್ದು ಕಾರಿತ, ಮಾಡಿದ್ದಕ್ಕೆ ಒಪ್ಪಿದ್ದು ಅನುಮತ. ಮಾಡಿಸಿದವನಿದ್ದಾನೆ ಎಂಬ ಕಾರಣದಿಂದ ಮಾಡಿದವನ ಬಾಬು ಖಾತೆಯಿಂದ ಹೊರಟುಹೋಗುವುದಿಲ್ಲ. ಮಾಡಿದವನಿದ್ದಾನೆ ಎಂಬುದರಿಂದ ಮಾಡಿಸಿದವನ ಬಾಬು ಕಡಿಮೆಯಾಗುವುದಿಲ್ಲ. ಜಲಿಯನ್‌ವಾಲಾ ಬಾಗ್‌ನಲ್ಲಿ ಡೈಯರನದು ಕಾರಿತ, ಸಿಪಾಯಿಗಳದು ಕೃತ. ಇಂಗ್ಲೆಂಡಿನಲ್ಲಿ ಡೈಯರನಿಗಾಗಿ ನಿಧಿ ಕೂಡಿಸಿಕೊಟ್ಟವರದು ಅನುಮತ.

ಲೋಕದ ನ್ಯಾಯಶಾಸ್ತ್ರವು ಇದೇ ನಿಲುವಿಗೆ ಬಂದದ್ದು ಎರಡನೆಯ ಮಹಾಯುದ್ಧದ ತರುವಾಯ. 1945ರ ನ್ಯೂರೆಂಬರ್ಗ್ ನ್ಯಾಯಮಂಡಳಿಯ ವಿಧಿಯು, ಮೇಲಧಿಕಾರಿಯ ಆಜ್ಞೆಯಂತೆ ನಡೆದೆನೆಂಬ ಮಾತು ಶಿಕ್ಷೆಯ ಪ್ರಮಾಣವನ್ನು ತಗ್ಗಿಸಬಹುದೇ ಹೊರತು ಹೊಣೆಯನ್ನು ಅಳಿಸಲಾರದೆಂದು ಹೇಳಿತು.

ಪ್ರತಿಜ್ಞೆಯ ಎರಡು ಎಳೆಗಳು

1950ರ ಜನವರಿ 26ರಿಂದ ಭಾರತದ ಸೈನಿಕನ ಪ್ರತಿಜ್ಞೆಯ ಸ್ವರೂಪವೇ ಬದಲಾಯಿತು. 1930ರ ಗಢವಾಲಿಗಳು ಪ್ರತಿಜ್ಞೆ ಮಾಡಿದ್ದು ಕಡಲಾಚೆಯ ಚಕ್ರವರ್ತಿಗೆ. ಗಣರಾಜ್ಯದ ಸೈನಿಕನು ಮೊದಲು ಸಂವಿಧಾನಕ್ಕೆ ನಿಷ್ಠೆಯನ್ನು ಸಲ್ಲಿಸುತ್ತಾನೆ. ಆಮೇಲೆ ರಾಷ್ಟ್ರಪತಿಯವರ ಮತ್ತು ತನ್ನ ಮೇಲಧಿಕಾರಿಗಳ ಆಜ್ಞೆಯನ್ನು ಪ್ರಾಣಕ್ಕೆ ಅಪಾಯವಿದ್ದರೂ ಪಾಲಿಸುವುದಾಗಿ ಹೇಳುತ್ತಾನೆ. ಒಂದೇ ಪ್ರತಿಜ್ಞೆಯಲ್ಲಿ ಎರಡು ಎಳೆಗಳಿವೆ. ಅವು ಒಂದನ್ನೊಂದು ಎಳೆಯುವ ಸಂದರ್ಭ ಅಪರೂಪ, ಆದರೆ ಅಸಂಭವವಲ್ಲ.

ಕಾನೂನು ಈ ಸೂಕ್ಷ್ಮವನ್ನು ಅರಿತಿದೆ. 1950ರ ಸೈನ್ಯ ಅಧಿನಿಯಮದ 41ನೆಯ ಪ್ರಕರಣವು ಅವಿಧೇಯತೆಯನ್ನು 14 ವರ್ಷಗಳವರೆಗಿನ ಸೆರೆವಾಸಕ್ಕೆ ಗುರಿಯಾಗಿಸುತ್ತದೆ; ಆದರೆ ಅಲ್ಲಿ ಹೇಳಿರುವುದು ನ್ಯಾಯಸಮ್ಮತವಾದ ಆಜ್ಞೆಯನ್ನು ಮೀರುವುದರ ಬಗ್ಗೆ. 1860ರ ದಂಡಸಂಹಿತೆಯ 76ನೆಯ ಪ್ರಕರಣವು, ಕಾನೂನಿನ ವಿಧಿಗೆ ಅನುಗುಣವಾಗಿ ಮೇಲಧಿಕಾರಿಯ ಆಜ್ಞೆಯಂತೆ ಗುಂಪಿನ ಮೇಲೆ ಗುಂಡು ಹಾರಿಸಿದ ಸೈನಿಕನು ಅಪರಾಧಿಯಲ್ಲವೆಂದು ಉದಾಹರಣೆ ಕೊಟ್ಟಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 14ನೆಯ ಪ್ರಕರಣದಲ್ಲಿ ಈ ರಕ್ಷಣೆ ಮುಂದುವರಿದಿದೆ. ಎರಡರಲ್ಲಿಯೂ ರಕ್ಷಣೆ ಇರುವುದು ಆಜ್ಞೆಗಷ್ಟೇ ಅಲ್ಲ, ಕಾನೂನಿಗೆ ಅನುಗುಣವಾದ ಆಜ್ಞೆಗೆ.

ರಾಮಲೀಲಾ ಮೈದಾನದ ಕರೆ

1975ರ ಜೂನ್ 12ರಂದು ಅಲಹಾಬಾದ್ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ಅವರು ಪ್ರಧಾನಿ ಇಂದಿರಾ ಗಾಂಧಿಯವರ ಚುನಾವಣೆಯನ್ನು ಅಸಿಂಧುಗೊಳಿಸಿದರು. ಜೂನ್ 24ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಷರತ್ತುಗಳೊಡನೆ ತಡೆಯಾಜ್ಞೆ ನೀಡಿದರು. ಮರುದಿನ ಸಂಜೆ ರಾಮಲೀಲಾ ಮೈದಾನದ ಮಹಾಸಭೆಯಲ್ಲಿ ಜಯಪ್ರಕಾಶ ನಾರಾಯಣರು, ಕಾನೂನಿಗೂ ಸಂವಿಧಾನಕ್ಕೂ ವಿರುದ್ಧವಾದ ಆಜ್ಞೆಗಳನ್ನು ಪಾಲಿಸಬೇಡಿರೆಂದು ಸೈನಿಕರಿಗೂ ಪೊಲೀಸರಿಗೂ ಸರ್ಕಾರಿ ನೌಕರರಿಗೂ ಕರೆಯಿತ್ತರು. ಅದೇ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ರಾಷ್ಟ್ರಪತಿಗಳ ಸಹಿಯಾಯಿತು. ಮಂತ್ರಿಮಂಡಲ ಸೇರಿ ಅದಕ್ಕೆ ಒಪ್ಪಿಗೆಯಿತ್ತದ್ದು ಮರುದಿನ ಬೆಳಿಗ್ಗೆ. ಸೇನೆಯನ್ನು ದಂಗೆಗೆ ಪ್ರಚೋದಿಸಲಾಗುತ್ತಿದೆ ಎಂಬುದು ಸರ್ಕಾರ ಕೊಟ್ಟ ಕಾರಣಗಳಲ್ಲಿ ಮುಖ್ಯವಾದುದು.

ಜಯಪ್ರಕಾಶರ ಮಾತು ತತ್ತ್ವದಲ್ಲಿ ಸೈನ್ಯ ಅಧಿನಿಯಮವು ಹೇಳುವುದಕ್ಕಿಂತ ಭಿನ್ನವಾಗಿರಲಿಲ್ಲ. ಆದರೆ ತತ್ತ್ವವನ್ನು ಪುಸ್ತಕದಲ್ಲಿ ಬರೆಯುವುದು ಬೇರೆ, ಕಾವೇರಿದ ರಾಜಕೀಯ ಸಭೆಯಲ್ಲಿ ಒಂದು ಪಕ್ಷದ ನಾಯಕರ ನಡುವೆ ನಿಂತು ಸೈನಿಕನಿಗೆ ಹೇಳುವುದು ಬೇರೆ. ಯಾವ ಆಜ್ಞೆ ಸಂವಿಧಾನವಿರುದ್ಧವೆಂದು ನಿಶ್ಚಯಿಸುವವರು ಯಾರು ಎಂಬ ಪ್ರಶ್ನೆಗೆ ಆ ಸಂಜೆ ಉತ್ತರ ಸಿಗಲಿಲ್ಲ.

ಉತ್ತರವು ಎಷ್ಟು ಕಠಿಣವೆಂಬುದು ಮುಂದಿನ ವರ್ಷ ತಿಳಿಯಿತು. ಮೀಸಾ ಕಾಯಿದೆಯಡಿ ಸುಮಾರು 35,000 ಜನರು ಸೆರೆಯಾದರು. ಸಂಸದೀಯ ಸಮಿತಿಯ ಕೆಲಸಕ್ಕೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ ಮೊದಲಾದವರನ್ನು ಜೂನ್ 26ರಂದು ಇಲ್ಲಿಯೇ ಬಂಧಿಸಲಾಯಿತು. ಬಂಧನವನ್ನು ಪ್ರಶ್ನಿಸುವ ಹಕ್ಕು ಉಳಿದಿದೆಯೆಂದು ಕರ್ನಾಟಕವೂ ಸೇರಿ ಹಲವು ಉಚ್ಚ ನ್ಯಾಯಾಲಯಗಳು ಹೇಳಿದವು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಆ ಹಕ್ಕು ಇಲ್ಲವೆಂದರು, ಎಚ್. ಆರ್. ಖನ್ನಾ ಅವರೊಬ್ಬರೇ ಇದೆಯೆಂದರು. ಖನ್ನಾ ಅವರ ಮಾತೇ ಸರಿಯೆಂದು ಅದೇ ನ್ಯಾಯಾಲಯವು ಒಪ್ಪಿಕೊಂಡದ್ದು 2017ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ನಡುವೆ 41 ವರ್ಷಗಳು ಕಳೆದಿದ್ದವು. ದೇಶದ ಶ್ರೇಷ್ಠ ನ್ಯಾಯವೇತ್ತರಿಗೆ ತಿಳಿಯಲು ಇಷ್ಟು ಕಾಲ ಹಿಡಿದ ಸಂವಿಧಾನದ ಅರ್ಥವನ್ನು ಠಾಣೆಯ ಪೇದೆಯು ವಾರಂಟು ಹಿಡಿದು ಹೊರಡುವಾಗ ನಿಶ್ಚಯಿಸಬೇಕೆಂದು ಹೇಳುವುದು ನ್ಯಾಯವಲ್ಲ.

ಅವನಿಗೆ ಆ ಅಧಿಕಾರವನ್ನು ಕೊಡುವುದು ಕ್ಷೇಮವೂ ಅಲ್ಲ. 1973ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆಯಾದ ಪಿ.ಎ.ಸಿ. ತನ್ನ ಸೇವಾ ಕುಂದುಕೊರತೆಗಳಿಗಾಗಿ ದಂಗೆಯೆದ್ದಿತು. ಅದನ್ನು ಅಡಗಿಸಲು ಸೈನ್ಯವೇ ಬರಬೇಕಾಯಿತು, ಜೀವಗಳು ಹೋದವು, ಕಮಲಾಪತಿ ತ್ರಿಪಾಠಿಯವರ ಮಂತ್ರಿಮಂಡಲ ಉರುಳಿತು. 1984ರ ಜೂನ್‌ನಲ್ಲಿ ಸ್ವರ್ಣಮಂದಿರದ ಕಾರ್ಯಾಚರಣೆಯಿಂದ ನೊಂದ ಕೆಲವು ಸಿಖ್ ಸೈನಿಕರು ರಾಮಗಢ ಮೊದಲಾದ ಕಡೆ ಆಯುಧ ಹಿಡಿದು ಹೊರಟರು. ರಾಮಗಢದ ಕೇಂದ್ರದ ಮುಖ್ಯಾಧಿಕಾರಿಯೇ ಹತನಾದನು. ನೋವು ನಿಜವಾದುದಿರಬಹುದು, ಕೋಪಕ್ಕೆ ಕಾರಣವಿರಬಹುದು. ಆದರೆ ಆಯುಧವು ಕೈಯಲ್ಲಿರುವವನ ನಿರಾಕರಣೆಯು ಆಯುಧದೊಡನೆ ಹೊರಟರೆ ಅದು ಇನ್ನೊಂದು ಹಿಂಸೆಯ ಆರಂಭವಾಗುತ್ತದೆ. 1931ರಲ್ಲಿ ಗಾಂಧಿಯವರಿಗಿದ್ದ ಭೀತಿ ನಿರಾಧಾರವಾಗಿರಲಿಲ್ಲ.

ಶಾಸ್ತ್ರ ಬೇಡದ ಸತ್ಯ

ಹಾಗಾದರೆ ವಿಧೇಯತೆಯೇ ಸರಿಯೆಂದಾಯಿತೆ? ತುರ್ತು ಪರಿಸ್ಥಿತಿಯ ಇತಿಹಾಸವು ಅದನ್ನೂ ಒಪ್ಪುವುದಿಲ್ಲ. 1977ರಲ್ಲಿ ನೇಮಕವಾದ ನ್ಯಾಯಮೂರ್ತಿ ಜೆ. ಸಿ. ಷಾ ಆಯೋಗವು 1978ರಲ್ಲಿ ವರದಿಗಳನ್ನು ಸಲ್ಲಿಸಿತು. ಬಂಧನಕ್ಕೆ ಕಾರಣಗಳನ್ನು ಸೃಷ್ಟಿಸಿದ್ದು, ಆಜ್ಞೆಗಳಿಗೆ ಹಿಂದಿನ ದಿನಾಂಕ ಹಾಕಿದ್ದು, ಕಡತಗಳನ್ನು ತಿದ್ದಿದ್ದು ಅದರಲ್ಲಿ ದಾಖಲಾಗಿವೆ. ದೆಹಲಿಯ ಪತ್ರಿಕಾಲಯಗಳಿಗೆ ಹೋಗುವ ವಿದ್ಯುತ್ತನ್ನು ಬಾಯಿಮಾತಿನ ಆಜ್ಞೆಯಿಂದಲೇ ಕಡಿಯಲಾಗಿತ್ತು. ಇವುಗಳನ್ನು ಮಾಡಿದವರು ಕ್ರೂರಿಗಳಲ್ಲ. ಮನೆಮಕ್ಕಳುಳ್ಳ, ನಿವೃತ್ತಿ ವೇತನದ ಚಿಂತೆಯುಳ್ಳ ಸಭ್ಯ ಅಧಿಕಾರಿಗಳು.

ಇಲ್ಲಿಯೇ ಭೇದವು ಸ್ಪಷ್ಟವಾಗುತ್ತದೆ. 352ನೆಯ ಅನುಚ್ಛೇದದ ಘೋಷಣೆಯು ಸಿಂಧುವೋ ಅಸಿಂಧುವೋ ಎಂಬುದಕ್ಕೆ ಶಾಸ್ತ್ರಜ್ಞಾನ ಬೇಕು. ಇಂದು ಬರೆದ ಕಾಗದಕ್ಕೆ ನಿನ್ನೆಯ ತಾರೀಕು ಹಾಕುವುದು ಸುಳ್ಳೆಂದು ತಿಳಿಯಲು ಯಾವ ಶಾಸ್ತ್ರವೂ ಬೇಡ. ಅಂಗಡಿಯ ಗುಮಾಸ್ತನಿಗೂ ಅದು ತಿಳಿಯುತ್ತದೆ. ಓಡಿಹೋಗುತ್ತಿರುವ ನಿರಾಯುಧನ ಬೆನ್ನಿಗೆ ಗುಂಡು ಹಾರಿಸುವುದು ಅಧರ್ಮವೆಂದು ತಿಳಿಯಲು ಸಂವಿಧಾನದ ಪುಟಗಳನ್ನು ತಿರುವಬೇಕಾಗಿಲ್ಲ. ವಶದಲ್ಲಿರುವ ಆರೋಪಿಯನ್ನು ಕೊಂದು ಎನ್‌ಕೌಂಟರ್ ಎಂದು ಬರೆಯುವುದೂ ಹಾಗೆಯೇ. 2011ರಲ್ಲಿ ಇಂಥದೊಂದು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ನ್ಯೂರೆಂಬರ್ಗನ್ನು ನೆನಪಿಸಿ, ಮೇಲಿನವರ ಆಜ್ಞೆಯೆಂಬ ಸಮಾಧಾನ ಪೊಲೀಸರನ್ನು ಉಳಿಸಲಾರದೆಂದು ಎಚ್ಚರಿಸಿತು.

ಆದುದರಿಂದ ಸೈನಿಕನು ಸಂವಿಧಾನದ ನ್ಯಾಯಾಧೀಶನಲ್ಲ. ಆದರೆ ತನ್ನ ಎರಡು ಕೈಗಳ ಕಾವಲುಗಾರನು ಹೌದು. ಸಂದೇಹಕ್ಕೆ ಎಡೆಯಿರುವಲ್ಲಿ ಅವನು ಪಾಲಿಸಲಿ. ವಿವಾದವನ್ನು ನ್ಯಾಯಾಲಯವೂ ಸಂಸತ್ತೂ ಬಗೆಹರಿಸಲಿ. ಅಧರ್ಮವು ಕಣ್ಣಿಗೆ ಕಾಣುವಂತಿರುವಲ್ಲಿ ಅವನು ನಿರಾಕರಿಸಲಿ. ಆ ನಿರಾಕರಣೆಗೆ ಪೇಶಾವರವು ಮೂರು ಲಕ್ಷಣಗಳನ್ನು ಹೇಳಿಕೊಟ್ಟಿದೆ. ಅದು ಬಹಿರಂಗವಾಗಿರಬೇಕು, ಆಯುಧವನ್ನು ಬೇರೆ ಕಡೆಗೆ ತಿರುಗಿಸದೆ ಕೆಳಗಿಡಬೇಕು, ಅದರ ಫಲವನ್ನು ನಿರಾಕರಿಸಿದವನೇ ಹೊರಬೇಕು. ಈ ಮೂರೂ ಇಲ್ಲದ ಅವಿಧೇಯತೆ ದಂಗೆಯಾಗುತ್ತದೆ, ಇಲ್ಲವೆ ತಪ್ಪಿಸಿಕೊಳ್ಳುವ ಉಪಾಯವಾಗುತ್ತದೆ.

ಹೊಣೆ ಯಾರದು?

ಇಷ್ಟು ಹೇಳಿ ಮುಗಿಸಿದರೆ ಭಾರವೆಲ್ಲವೂ ಅತ್ಯಂತ ಕೆಳಗಿನವನ ಹೆಗಲ ಮೇಲೆ ಬೀಳುತ್ತದೆ. ಹನ್ನೊಂದು ವರ್ಷ ಸೆರೆಯಲ್ಲಿ ಕೂರುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಅದನ್ನು ಎಲ್ಲರಿಂದ ನಿರೀಕ್ಷಿಸುವುದು ದಯೆಯ ಲಕ್ಷಣವೂ ಅಲ್ಲ. ಕಾರಿತವನ್ನು ತಡೆದರೆ ಕೃತದ ಸಂಕಟವೇ ಬಾರದು. ತುರ್ತು ಪರಿಸ್ಥಿತಿಯಿಂದ ದೇಶವು ಕಲಿತ ಪಾಠವೂ ಇದೇ. 1978ರ 44ನೆಯ ತಿದ್ದುಪಡಿಯು ಮಂತ್ರಿಮಂಡಲದ ಲಿಖಿತ ನಿರ್ಧಾರವಿಲ್ಲದೆ ತುರ್ತು ಪರಿಸ್ಥಿತಿಯನ್ನು ಘೋಷಿಸಲಾಗದಂತೆ ಮಾಡಿತು. ಜೀವ ಮತ್ತು ದೈಹಿಕ ಸ್ವಾತಂತ್ರ್ಯದ ಹಕ್ಕಿನ ಜಾರಿಯನ್ನು ಆಗಲೂ ಅಮಾನತಿನಲ್ಲಿಡಕೂಡದೆಂದು ವಿಧಿಸಿತು. 2006ರಲ್ಲಿ ಪ್ರಕಾಶ್ ಸಿಂಗ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಪೊಲೀಸ್ ಅಧಿಕಾರಿಗಳಿಗೆ ನಿಶ್ಚಿತ ಅವಧಿಯ ಹುದ್ದೆಯೇ ಮೊದಲಾದ ಏಳು ನಿರ್ದೇಶನಗಳನ್ನಿತ್ತಿತು. ವರ್ಗಾವಣೆಯ ಭಯವಿಲ್ಲದವನು ಮಾತ್ರ ಮೇಲಿನವರಿಗೆ ಇದು ಸಲ್ಲದೆಂದು ಹೇಳಬಲ್ಲನು. 2013ರಲ್ಲಿ ಅದೇ ನ್ಯಾಯಾಲಯವು ಸರ್ಕಾರಿ ಅಧಿಕಾರಿಗಳು ಬಾಯಿಮಾತಿನ ಆಜ್ಞೆಗಳನ್ನು ಬರಹಕ್ಕಿಳಿಸಬೇಕೆಂದಿತು.

ಬರಹದ ಈ ಒಂದು ನಿಯಮವು ಸಾಮಾನ್ಯವೆಂದು ತೋರಬಹುದು. ಆದರೆ ತನ್ನ ಹೆಸರು, ಸಹಿ, ವೇಳೆ, ತಾರೀಕುಗಳೊಡನೆ ಕಾಗದದ ಮೇಲೆ ನಿಲ್ಲಬೇಕಾದ ಆಜ್ಞೆಯನ್ನು ಕೊಡುವಾಗ ಕೈ ಒಮ್ಮೆ ತಡೆಯುತ್ತದೆ. ಆ ತಡೆಯುವಿಕೆಯಲ್ಲಿ ಎಷ್ಟೋ ಜೀವಗಳು ಉಳಿಯಬಹುದು. ಲೆಕ್ಕಪುಸ್ತಕವನ್ನು ಶುದ್ಧವಾಗಿಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭರತ ಬಾಹುಬಲಿಗಳ ವೃತ್ತಾಂತವನ್ನು ಕೇಳದ ಜೈನ ಮನೆಯಿಲ್ಲ. ಎರಡು ಸೇನೆಗಳು ಎದುರುಬದುರಾಗಿ ನಿಂತಾಗ ಯುದ್ಧವನ್ನು ತಡೆದವರು ಸೈನಿಕರಲ್ಲ; ಉಭಯಪಕ್ಷಗಳ ಮಂತ್ರಿಗಳು. ಅಣ್ಣತಮ್ಮಂದಿರ ಹಟಕ್ಕೆ ಇಷ್ಟು ಜನರು ಏಕೆ ಸಾಯಬೇಕೆಂದು ವಿಚಾರಿಸಿ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳನ್ನು ಸೂಚಿಸಿದರು. ಸಿಂಹಾಸನದ ಬಳಿ ಇದ್ದವರು ಸಕಾಲದಲ್ಲಿ ಬಾಯಿ ತೆರೆದುದರಿಂದ ಯಾವ ಸೈನಿಕನೂ ಆಜ್ಞೆ ಮತ್ತು ಅಂತಃಸಾಕ್ಷಿಗಳ ನಡುವೆ ನಿಲ್ಲಬೇಕಾಗಲಿಲ್ಲ.

ಪೇಶಾವರದಲ್ಲಿ ಅಂಥ ಮಂತ್ರಿಗಳಿರಲಿಲ್ಲ, ಹವಾಲ್ದಾರನೊಬ್ಬನಿದ್ದನು. 1975ರ ದೆಹಲಿಯಲ್ಲಿ ಮಂತ್ರಿಗಳಿದ್ದರು. ಬೆಳಗಿನ ಸಭೆಯಲ್ಲಿ ಒಪ್ಪಿಗೆ ಕೊಟ್ಟು ಎದ್ದರು. ಉಳಿದದ್ದು ಅನುಮತ. ಅದರ ಬಾಬು ಪ್ರಜೆಗಳ ಖಾತೆಗೂ ಬರುತ್ತದೆ. ತಮಗೆ ಹಿಡಿಸದವರ ಮೇಲೆ ಲಾಠಿ ಬಿದ್ದಾಗ ಮೆಚ್ಚುವ, ಸುಳ್ಳು ಎನ್‌ಕೌಂಟರ್ ನಡೆದಾಗ ಸಿಹಿ ಹಂಚುವ ಸಮಾಜವು ಪೇದೆಯಿಂದ ಅಂತಃಸಾಕ್ಷಿಯನ್ನು ಕೇಳುವ ಅರ್ಹತೆಯನ್ನು ಕಳೆದುಕೊಳ್ಳುತ್ತದೆ. ಆಜ್ಞೆಯನ್ನು ಕೊಡುವವನು ಅಳುಕಿ ಕೊಡಲಿ, ಪಾಲಿಸುವವನು ಅರಿತು ಪಾಲಿಸಲಿ, ನೋಡುವವನು ಅನ್ಯಾಯಕ್ಕೆ ಒಪ್ಪದಿರಲಿ. ಈ ಮೂವರಲ್ಲಿ ಒಬ್ಬನು ಎಚ್ಚತ್ತಿದ್ದರೂ ನಿರಪರಾಧಿಯ ಪ್ರಾಣವು ಉಳಿಯುವ ಸಂಭವವುಂಟು.